ಒಂದು ‘ಮ್ಯಾಚ್’, ಎರಡು ಮನೆತನ



ಇವತ್ತು ಒಂದೇ ಒಂದು ಪದದ ಬಗ್ಗೆ ಮಾತಾಡುತ್ತೇನೆ. ಇಂಗ್ಲಿಷ್ ಪದ, ಆದರೆ ನಮ್ಮ ಮನೆಗಳಲ್ಲಿ ಅದಿಲ್ಲದೆ ದಿನ ಕಳೆಯುವುದಿಲ್ಲ. ಆ ಪದ ‘ಮ್ಯಾಚ್’. ಸೀರೆಗೆ ಮ್ಯಾಚಿಂಗ್ ಬ್ಲೌಸು, ಟಿ.ವಿ.ಯಲ್ಲಿ ಕ್ರಿಕೆಟ್ ಮ್ಯಾಚು, ಮಗಳಿಗೆ ಒಳ್ಳೆಯ ಮ್ಯಾಚು, ಆಧಾರಿನಲ್ಲಿರುವ ಹೆಸರು ಪ್ಯಾನಿನ ಹೆಸರಿಗೆ ಮ್ಯಾಚ್ ಆಗದ ತಲೆನೋವು, ದೇವರ ಮನೆಯಲ್ಲಿ ಮ್ಯಾಚ್ ಬಾಕ್ಸು. ನಾನು ಸಾಫ್ಟ್‌ವೇರ್ ಕೆಲಸದವಳು. ನಮ್ಮಲ್ಲಿ ಪ್ಯಾಟರ್ನ್ ಮ್ಯಾಚಿಂಗ್ ಇದೆ, ಡೇಟಾ ಮ್ಯಾಚಿಂಗ್ ಇದೆ, ‘ನೋ ಮ್ಯಾಚ್ ಫೌಂಡ್’ ಎಂದು ಮುಖಕ್ಕೆ ಹೊಡೆಯುವ ಸಂದೇಶವೂ ಇದೆ. ಇಷ್ಟೊಂದು ಕೆಲಸ ಮಾಡುವ ಪದದ ಊರು ಯಾವುದು, ಮನೆತನ ಯಾವುದು ಎಂದು ಹುಡುಕುತ್ತಾ ಹೋದರೆ ಸ್ವಾರಸ್ಯವಾದ ಸಂಗತಿಗಳು ಸಿಗುತ್ತವೆ.

ಮೊದಲ ಸಂಗತಿ, ಇದು ಒಂದು ಪದವಲ್ಲ, ಎರಡು. ಕಡ್ಡಿಪೆಟ್ಟಿಗೆಯ ‘ಮ್ಯಾಚ್’ ಬೇರೆ, ಉಳಿದ ‘ಮ್ಯಾಚ್’ಗಳೆಲ್ಲ ಬೇರೆ. ಬರೆಯುವುದು ಒಂದೇ ಥರ, ಹೇಳುವುದು ಒಂದೇ ಥರ, ಆದರೆ ರಕ್ತಸಂಬಂಧವಿಲ್ಲ. ಇದು ನಮಗೆ ಹೊಸದೇನಲ್ಲ. “ಹತ್ತು ಕಡ್ಡಿ ಗೀರಿದರೂ ಬೆಂಕಿ ಹತ್ತಲಿಲ್ಲ” ಎನ್ನುತ್ತೇವೆ. ಮೊದಲನೆಯ ‘ಹತ್ತು’ ಸಂಖ್ಯೆ, ಎರಡನೆಯದು ಕ್ರಿಯೆ. “ಆರು ದೀಪಗಳೂ ಆರಿದವು” ಎಂದರೂ ಹಾಗೆಯೇ. ಕನ್ನಡಿಗರಿಗೆ ಇದರಲ್ಲಿ ಗೊಂದಲವೇ ಆಗುವುದಿಲ್ಲ. ಇಂಗ್ಲಿಷಿನ ‘ಮ್ಯಾಚ್’ ಕೂಡ ಅಂಥದ್ದೇ ಜೋಡಿ.

ಬೆಂಕಿಯ ಮ್ಯಾಚನ್ನು ಮೊದಲು ನೋಡೋಣ. ಇದು ಫ್ರೆಂಚಿನಿಂದ 14ನೇ ಶತಮಾನದ ಹೊತ್ತಿಗೆ ಇಂಗ್ಲಿಷಿಗೆ ಬಂತು. ಆಗ ಇದರ ಅರ್ಥ ಕಡ್ಡಿಯಲ್ಲ, ದೀಪದ ಬತ್ತಿ. ಇಂದಿಗೂ ಫ್ರೆಂಚರು ಬತ್ತಿಗೆ ‘ಮೆಶ್’ ಎನ್ನುತ್ತಾರೆ. ಇನ್ನೂ ಹಿಂದೆ ಹೋದರೆ ಗ್ರೀಕಿನ ‘ಮಿಕ್ಸಾ’ ಎಂಬ ಪದ ಇದರ ಮೂಲವಿರಬೇಕೆಂದು ಪದಮೂಲ ಬಲ್ಲವರು ಹೇಳುತ್ತಾರೆ. ಮಿಕ್ಸಾ ಎಂದರೆ ಏನು ಗೊತ್ತೇ? ಸಿಂಬಳ! ಹಳೆಯ ಎಣ್ಣೆದೀಪದ ಮೂತಿಯನ್ನು ನೆನೆಸಿಕೊಳ್ಳಿ. ಅದರ ತುದಿಯಿಂದ ಎಣ್ಣೆಯಲ್ಲಿ ನೆನೆದ ಬತ್ತಿ ಹೊರಗೆ ಇಣುಕುತ್ತಿರುತ್ತದೆ. ನೆಗಡಿಯಾದ ಮಗುವಿನ ಮೂಗಿನ ಹಾಗೆ ಕಂಡಿರಬೇಕು. ಯಾರೋ ತಾಯಿಯೇ ಇಟ್ಟ ಹೆಸರಿರಬಹುದು ಎಂದು ನನಗೆ ಅನಿಸುತ್ತದೆ.

ಬತ್ತಿಯಿಂದ ಈ ಪದ ಯುದ್ಧಕ್ಕೆ ಹೋಯಿತು. ಫಿರಂಗಿಗೆ, ಕೋವಿಗೆ ಕಿಡಿ ಮುಟ್ಟಿಸಲು ನಿಧಾನವಾಗಿ ಉರಿಯುವ ಹಗ್ಗವೊಂದನ್ನು ಬಳಸುತ್ತಿದ್ದರು. ಅದಕ್ಕೂ ‘ಮ್ಯಾಚ್’ ಎಂದೇ ಹೆಸರು. ‘ಮ್ಯಾಚ್‌ಲಾಕ್’ ಕೋವಿ ಎಂಬ ಮಾತು ಹುಟ್ಟಿದ್ದು ಹಾಗೆ. ಕನ್ನಡದಲ್ಲಿ ನಾವೂ “ಅವನು ಚೆನ್ನಾಗಿ ಬತ್ತಿ ಇಟ್ಟ” ಎನ್ನುತ್ತೇವಲ್ಲ, ದೀಪ ಬೆಳಗುವ ವಸ್ತು ಕಿಡಿಗೇಡಿತನಕ್ಕೂ ಒದಗುವುದು ಎಲ್ಲ ಭಾಷೆಗಳಲ್ಲೂ ಇದೆ.

ಗೀರಿದರೆ ಹತ್ತುವ ಕಡ್ಡಿ ಬಂದದ್ದು ಬಹಳ ತಡವಾಗಿ. ಇಂಗ್ಲೆಂಡಿನ ಸ್ಟಾಕ್‌ಟನ್ ಊರಿನ ಔಷಧಿ ಅಂಗಡಿಯ ಜಾನ್ ವಾಕರ್ 1826ರಲ್ಲಿ ಅದನ್ನು ಕಂಡುಹಿಡಿದು, 1827ರಲ್ಲಿ ಮಾರಲು ಶುರು ಮಾಡಿದ. ಪೇಟೆಂಟ್ ಮಾಡಿಸಲಿಲ್ಲ. ಬೇರೆಯವರು ನಕಲು ಮಾಡಿ ದುಡ್ಡು ಮಾಡಿಕೊಂಡರು. 1830ರ ದಶಕದಿಂದ ಕಡ್ಡಿಯ ತಲೆಗೆ ಬಿಳಿ ರಂಜಕ ಸೇರಿಸಿದರು. ಎಲ್ಲಿ ಗೀರಿದರೂ ಹತ್ತುತ್ತಿತ್ತು, ಅಗ್ಗವೂ ಆಗಿತ್ತು. ಆದರೆ ಬಿಳಿ ರಂಜಕ ವಿಷ. ಕಾರ್ಖಾನೆಯಲ್ಲಿ ದಿನವಿಡೀ ಅದರ ಹೊಗೆ ಕುಡಿದವರಿಗೆ ಮೊದಲು ಹಲ್ಲು ನೋವು, ಆಮೇಲೆ ದವಡೆಯ ಮೂಳೆಯೇ ಕೊಳೆಯುವ ರೋಗ. ಆ ಕೆಲಸ ಮಾಡುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು, ಹುಡುಗಿಯರು.

1888ರ ಜೂನ್ 23ರಂದು ಲಂಡನ್ನಿನ ‘ದಿ ಲಿಂಕ್’ ಎಂಬ ಸಣ್ಣ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಪೂರ್ವ ಲಂಡನ್ನಿನ ಬೋ ಎಂಬಲ್ಲಿದ್ದ ಬ್ರಯಾಂಟ್ ಅಂಡ್ ಮೇ ಕಾರ್ಖಾನೆಯ ಹುಡುಗಿಯರಿಗೆ ಸಿಗುವ ಸಂಬಳ ಎಷ್ಟು, ಸಣ್ಣಸಣ್ಣ ತಪ್ಪಿಗೆ ಹಾಕುವ ದಂಡ ಎಷ್ಟು ಎಂದು ಲೆಕ್ಕ ಕೊಟ್ಟು ಬರೆದ ಲೇಖನ. ಬರೆದವರು ಆನಿ ಬೆಸೆಂಟ್. ಹೌದು, ಮುಂದೆ ಭಾರತಕ್ಕೆ ಬಂದು ಮದರಾಸಿನ ಅಡ್ಯಾರಿನಲ್ಲಿ ನೆಲೆಸಿದವರು, 1917ರಲ್ಲಿ ಕಾಂಗ್ರೆಸ್ಸಿನ ಮೊದಲ ಮಹಿಳಾ ಅಧ್ಯಕ್ಷರಾದವರು. ಮಂಗಳೂರಿನಲ್ಲಿ ಹೆಣ್ಣುಮಕ್ಕಳ ಶಾಲೆಗೆ ಯಾರ ಹೆಸರಿದೆಯೋ ಅದೇ ಬೆಸೆಂಟ್. ಲೇಖನ ಬಂದ ಮೇಲೆ ಕಾರ್ಖಾನೆಯ ಯಜಮಾನರು ಹುಡುಗಿಯರ ಮೇಲೆ ಒತ್ತಡ ಹಾಕಿದರು, ಜುಲೈ ಮೊದಲಲ್ಲಿ ಒಬ್ಬಳನ್ನು ಕೆಲಸದಿಂದ ತೆಗೆದರು. ಸುಮಾರು 1,400 ಮಂದಿ ಕೆಲಸ ನಿಲ್ಲಿಸಿ ಹೊರಗೆ ಬಂದರು. ಎರಡೇ ವಾರಗಳಲ್ಲಿ ಯಜಮಾನರು ಬಗ್ಗಿದರು. ದಂಡ ರದ್ದಾಯಿತು, ರಂಜಕದ ಹೊಗೆಯಲ್ಲಿ ಕೂತು ಉಣ್ಣುತ್ತಿದ್ದವರಿಗೆ ಊಟಕ್ಕೆ ಬೇರೆ ಕೋಣೆ ಸಿಕ್ಕಿತು. ಅದೇ ತಿಂಗಳು ಆ ಹೆಂಗಸರು ಕಟ್ಟಿಕೊಂಡ ಸಂಘದ ಹೆಸರು ನೋಡಿ: ‘ಯೂನಿಯನ್ ಆಫ್ ವಿಮೆನ್ ಮ್ಯಾಚ್‌ಮೇಕರ್ಸ್’.

ಇವತ್ತು ಮ್ಯಾಚ್‌ಮೇಕರ್ ಎಂದರೆ ಮದುವೆ ಕುದುರಿಸುವವರು. ಆದರೆ ಇಂಗ್ಲಿಷಿನಲ್ಲಿ 17ನೇ ಶತಮಾನದಿಂದಲೂ ಆ ಮಾತಿಗೆ ಎರಡು ಅರ್ಥ ಇದ್ದವು. ಸಂಬಂಧ ಕೂಡಿಸುವವರೂ ಹೌದು, ಬೆಂಕಿ ಹೊತ್ತಿಸುವ ಸಾಮಾನು ಮಾಡುವವರೂ ಹೌದು. ಆ ಹುಡುಗಿಯರು ಎರಡನೆಯ ಬಗೆಯವರು.

ಹೋರಾಟ ಗೆದ್ದರೂ ಬಿಳಿ ರಂಜಕ ತಕ್ಷಣ ಹೋಗಲಿಲ್ಲ. ಬ್ರಿಟನ್ ಅದನ್ನು ನಿಷೇಧಿಸುವ ಕಾನೂನು ಮಾಡಿದ್ದು 1908ರಲ್ಲಿ. ನಮ್ಮ ದೇಶದಲ್ಲಿ 1913ರಲ್ಲಿ ಅಂಥದ್ದೇ ಕಾನೂನು ಬಂತು. 1920ರ ದಶಕದಲ್ಲಿ ಸ್ವೀಡನ್ನಿನ ಕಂಪನಿಯೊಂದು ಮುಂಬೈ ಹತ್ತಿರದ ಅಂಬರನಾಥದಲ್ಲಿ ವಿಮ್ಕೋ ಕಾರ್ಖಾನೆ ತೆರೆಯಿತು. ಹಡಗಿನ ಚಿತ್ರದ ಪೆಟ್ಟಿಗೆ ನಿಮ್ಮಲ್ಲಿ ಅನೇಕರಿಗೆ ನೆನಪಿರಬೇಕು. ಅದೇ ಕಾಲದಲ್ಲಿ ಶಿವಕಾಶಿಯ ಅಯ್ಯ ನಾಡಾರ್ ಮತ್ತು ಷಣ್ಮುಗ ನಾಡಾರ್ ಕಲ್ಕತ್ತೆಗೆ ಹೋಗಿ ಈ ವಿದ್ಯೆ ಕಲಿತು ಬಂದರು. ಇಂದಿಗೂ ಶಿವಕಾಶಿ, ಸಾತ್ತೂರು, ಕೋವಿಲ್‌ಪಟ್ಟಿಗಳಲ್ಲಿ ಈ ಕೆಲಸದಲ್ಲಿ ಹೆಚ್ಚು ಇರುವವರು ಹೆಂಗಸರೇ. 2021ರ ಡಿಸೆಂಬರಿನಲ್ಲಿ ಪೆಟ್ಟಿಗೆಯ ಬೆಲೆ ಒಂದು ರೂಪಾಯಿಯಿಂದ ಎರಡು ರೂಪಾಯಿ ಆದಾಗ, ಹದಿನಾಲ್ಕು ವರ್ಷಗಳ ಮೇಲೆ ಬೆಲೆ ಏರಿತು ಎಂದು ಸುದ್ದಿಯಾಯಿತು. ಅಷ್ಟು ವರ್ಷ ಒಂದೇ ಬೆಲೆಯಲ್ಲಿ ಕೊಂಡ ನಾವು, ಮಾಡುವವರ ಕೂಲಿ ಏನಾಯಿತು ಎಂದು ಕೇಳಿರಲಿಲ್ಲ.

ಹೊರನಾಡಿನಲ್ಲಿರುವ ನಮಗೆ ಇದರ ಹೆಸರುಗಳೂ ಗಮ್ಮತ್ತು. ಕನ್ನಡದಲ್ಲಿ ಬೆಂಕಿ ಪೊಟ್ಟಣ, ಕಡ್ಡಿಪೆಟ್ಟಿಗೆ. ಮರಾಠಿಯಲ್ಲಿ ಕಾಡೇಪೇಟಿ, ತಮಿಳಿನಲ್ಲಿ ತೀಪ್ಪೆಟ್ಟಿ, ತೆಲುಗಿನಲ್ಲಿ ಅಗ್ಗಿಪೆಟ್ಟೆ. ಎಲ್ಲವೂ ಅಕ್ಕಪಕ್ಕದ ಮನೆಯವು. ಹಿಂದಿಯವರ ‘ಮಾಚಿಸ್’ ಮಾತ್ರ ಇಂಗ್ಲಿಷಿನ ‘ಮ್ಯಾಚಸ್’ ಎಂಬ ಬಹುವಚನವೇ ವೇಷ ಬದಲಿಸಿಕೊಂಡು ಬಂದದ್ದು.

ಇನ್ನು ಎರಡನೆಯ ಮನೆತನ. ಇದು ಪರದೇಶದಿಂದ ಬಂದದ್ದಲ್ಲ, ಇಂಗ್ಲಿಷಿನ ಮನೆಯ ಮಗಳೇ. ಸಾವಿರ ವರ್ಷದ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ‘ಗೆಮ್ಯಾಕ್ಕಾ’ ಎಂಬ ಪದವಿತ್ತು. ಜೋಡಿಯಲ್ಲಿ ಒಬ್ಬರು, ಸರಿಸಮಾನರು, ಸಂಗಾತಿ ಎಂದು ಅರ್ಥ. ಗಂಡನಿಗೂ ಅದೇ ಪದ, ಹೆಂಡತಿಗೂ ಅದೇ ಪದ. ಚೆನ್ನಾಗಿ ಕೂಡಿಕೊಳ್ಳುವುದು, ಹೊಂದುವುದು ಎಂಬ ಬೇರಿನಿಂದ ಬಂದದ್ದು. ‘ಮೇಕ್’ ಎಂಬ ಕ್ರಿಯಾಪದವೂ ಇದೇ ಬಳಗದ್ದು ಎನ್ನುತ್ತಾರೆ. ಕನ್ನಡದಲ್ಲಿ ಇದರ ಹತ್ತಿರ ಬರುವ ಮಾತುಗಳು ಸಾಟಿ, ಎಣೆ, ಈಡು-ಜೋಡು. “ಅವಳಿಗೆ ಸಾಟಿ ಇಲ್ಲ” ಎಂದಾಗಲೂ, “ಈಡು-ಜೋಡು ಚೆನ್ನಾಗಿದೆ” ಎಂದಾಗಲೂ ನಾವು ಅಳೆಯುವುದು ಸಮಾನತೆಯನ್ನೇ.

ಸರಿಸಮ ಎಂಬ ಈ ಒಂದು ಅರ್ಥದಿಂದ ಉಳಿದವೆಲ್ಲ ಕವಲೊಡೆದವು. ನನಗೆ ಸರಿಸಮನಾದವನು ನನ್ನ ಎದುರಾಳಿಯೂ ಆಗಬಹುದು. ಸೇರಿಗೆ ಸವ್ವಾಸೇರು ಎದುರಾದರೆ ತಾನೇ ಆಟಕ್ಕೆ ಕಳೆ? ಹಾಗಾಗಿ ಪಂದ್ಯಕ್ಕೆ ‘ಮ್ಯಾಚ್’ ಎಂಬ ಹೆಸರು ಬಂತು. ಸರಿಸಮರ ಕೂಡುವಿಕೆ ಎಂಬುದರಿಂದ 16ನೇ ಶತಮಾನದಲ್ಲಿ ಮದುವೆ ಸಂಬಂಧಕ್ಕೆ ಆ ಹೆಸರಾಯಿತು. ಒಂದು ಇನ್ನೊಂದಕ್ಕೆ ಒಪ್ಪುವುದು ಎಂಬುದರಿಂದ ಬಣ್ಣ, ಬಟ್ಟೆ, ಹೆಸರು, ಸಹಿ, ಡೇಟಾ ಎಲ್ಲಕ್ಕೂ ಹರಡಿತು.

ಕ್ರಿಕೆಟ್ ಮ್ಯಾಚಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಭಾರತದ ಮಹಿಳೆಯರು ತಮ್ಮ ಮೊದಲ ಟೆಸ್ಟ್ ಮ್ಯಾಚ್ ಆಡಿದ್ದು 1976ರಲ್ಲಿ, ನಮ್ಮ ಬೆಂಗಳೂರಿನಲ್ಲಿ, ವೆಸ್ಟ್ ಇಂಡೀಸ್ ವಿರುದ್ಧ. ನಾಯಕಿ ಬೆಂಗಳೂರಿನವರೇ ಆದ ಶಾಂತಾ ರಂಗಸ್ವಾಮಿ. ಅದೇ ಸರಣಿಯಲ್ಲಿ ಪಟ್ನಾದಲ್ಲಿ ಮೊದಲ ಗೆಲುವೂ ಬಂತು. ‘ಮ್ಯಾಚ್ ಫೀ’ ಗಂಡಸರಷ್ಟೇ ಹೆಂಗಸರಿಗೂ ಎಂದು ಬಿಸಿಸಿಐ ಹೇಳಿದ್ದು 2022ರ ಅಕ್ಟೋಬರಿನಲ್ಲಿ: ಟೆಸ್ಟಿಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ-20ಗೆ 3 ಲಕ್ಷ. ನಡುವೆ 46 ವರ್ಷ ಹೋಗಿತ್ತು. ವಾರ್ಷಿಕ ಒಪ್ಪಂದದ ಮೊತ್ತ ಆಗಲೂ ಸಮ ಆಗಲಿಲ್ಲ. ಗಂಡಸರ ಮೇಲಿನ ದರ್ಜೆಗೆ 7 ಕೋಟಿ, ಹೆಂಗಸರ ಮೇಲಿನ ದರ್ಜೆಗೆ 50 ಲಕ್ಷ. 2025ರ ನವೆಂಬರ್ 2ರಂದು ನವಿ ಮುಂಬೈಯಲ್ಲಿ ದಕ್ಷಿಣ ಆಫ್ರಿಕಾವನ್ನು 52 ರನ್ನುಗಳಿಂದ ಸೋಲಿಸಿ ವಿಶ್ವಕಪ್ ಎತ್ತಿದ್ದು ಇದೇ ಮಹಿಳಾ ತಂಡ. ಸರಿಸಮ ಎಂಬ ಅರ್ಥ ಪದದ ಹೊಟ್ಟೆಯಲ್ಲೇ ಇದ್ದರೂ ಅದನ್ನು ಚೆಕ್ಕಿನ ಮೇಲೆ ಬರೆಸಲು ಎಷ್ಟು ಕಾಲ ಬೇಕಾಯಿತು, ನೋಡಿ.

ಈಗ ಮದುವೆಯ ಮ್ಯಾಚಿಗೆ ಬರೋಣ. ನಮ್ಮಲ್ಲಿ ಸಾಲಾವಳಿ ನೋಡುವ ಪದ್ಧತಿ ಇದೆ. ವರ್ಣಕ್ಕೆ ಒಂದು, ವಶ್ಯಕ್ಕೆ ಎರಡು, ತಾರೆಗೆ ಮೂರು ಎಂದು ಏರುತ್ತಾ ಹೋಗಿ ನಾಡಿಗೆ ಎಂಟು, ಒಟ್ಟು 36 ಗುಣ. ಒಂದರಿಂದ ಎಂಟರವರೆಗೆ ಕೂಡಿದರೆ 36 ಬರುತ್ತದೆ, ಲೆಕ್ಕ ಅಂದವಾಗಿದೆ. 18 ಬಂದರೆ ಪಾಸು. ಈಗ ಜಾತಕದ ಸಾಫ್ಟ್‌ವೇರು ಒಂದು ಕ್ಷಣದಲ್ಲಿ ಇದನ್ನು ಹೇಳುತ್ತದೆ. ಅದನ್ನು ನಂಬುವುದು ಬಿಡುವುದು ಅವರವರ ವಿಚಾರ. ನಾನು ಹೇಳಹೊರಟಿದ್ದು 36ರ ಪಟ್ಟಿಯಲ್ಲಿ ಇಲ್ಲದ, ಆದರೆ ಎಲ್ಲರೂ ಪಾಲಿಸುವ 37ನೆಯ ಕಾಲಮ್ಮಿನ ಬಗ್ಗೆ.

ನನಗೆ ಸಂಬಂಧ ನೋಡುತ್ತಿದ್ದಾಗ ಒಂದು ಕಡೆ 27 ಗುಣ ಬಂತು. ಎರಡು ಮನೆಯವರಿಗೂ ಖುಷಿ. ಮೂರು ದಿನ ಬಿಟ್ಟು ನಡುವಿನವರಿಂದ ಅಮ್ಮನಿಗೆ ಫೋನು ಬಂತು: “ಹುಡುಗ ಬಿ.ಇ., ನಿಮ್ಮ ಹುಡುಗಿ ಎಂ.ಟೆಕ್. ಮಾಡ್ಕೊಂಡಿದಾಳೆ. ಮ್ಯಾಚ್ ಆಗಲ್ಲ ಅಂತ ಅವರ ಅಭಿಪ್ರಾಯ.” ಅಮ್ಮ “ಆಯ್ತು” ಎಂದು ಫೋನಿಟ್ಟು ಪಲ್ಯಕ್ಕೆ ಒಗ್ಗರಣೆ ಹಾಕಲು ಹೋದರು. ನನಗೆ ಆ ಹುಡುಗ ತಪ್ಪಿದನೆಂದು ಬೇಸರವಾಗಲಿಲ್ಲ, ಅವರನ್ನು ನಾನು ನೋಡಿಯೂ ಇರಲಿಲ್ಲ. ಚುಚ್ಚಿದ್ದು ಆ ಮಾತು. ಅವರು ಎಂ.ಟೆಕ್. ಆಗಿದ್ದು ನಾನು ಬಿ.ಇ. ಆಗಿದ್ದರೆ ಅದೇ ನಡುವಿನವರು “ಒಳ್ಳೇ ಮ್ಯಾಚು” ಎನ್ನುತ್ತಿದ್ದರು. ಇಬ್ಬರ ಓದಿನ ನಡುವಿನ ಅಂತರ ಎರಡು ಸಲವೂ ಅಷ್ಟೇ. ಅಂದರೆ ನಾವು ಮ್ಯಾಚ್ ಎಂದು ಕರೆಯುವಾಗ ಸಮಾನತೆಯನ್ನು ನೋಡುತ್ತಿಲ್ಲ. ಹುಡುಗನ ಎತ್ತರ, ವಯಸ್ಸು, ಓದು, ಸಂಬಳ ಎಲ್ಲದರಲ್ಲೂ ಹುಡುಗಿ ಒಂದು ಮೆಟ್ಟಿಲು ಕೆಳಗಿದ್ದರೆ ಅದನ್ನು ಮ್ಯಾಚ್ ಎನ್ನುತ್ತೇವೆ. ಸರಿಸಮ ಎಂದು ಹುಟ್ಟಿದ ಪದವನ್ನು ತಲೆಕೆಳಗು ಮಾಡಿದ್ದೇವೆ.

ನಮ್ಮ ಕಂಪ್ಯೂಟರ್ ವಿಜ್ಞಾನದಲ್ಲಿ ಮ್ಯಾಚಿಂಗ್ ಎಂಬುದು ದೊಡ್ಡ ಅಧ್ಯಾಯ. 1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ ಎಂಬ ಇಬ್ಬರು ಗಣಿತಜ್ಞರು ಕೆಲವೇ ಪುಟಗಳ ಒಂದು ಪ್ರಬಂಧ ಬರೆದರು. ವಿಷಯ, ಕಾಲೇಜು ಪ್ರವೇಶ ಮತ್ತು ಮದುವೆಯ ಸ್ಥಿರತೆ. ಈ ಕೆಲಸಕ್ಕಾಗಿ 2012ರಲ್ಲಿ ಶಾಪ್ಲಿಗೆ, ಅದನ್ನು ಮುಂದುವರಿಸಿದ ಆಲ್ವಿನ್ ರಾತ್‌ಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಗೇಲ್ ಅಷ್ಟರಲ್ಲಿ ತೀರಿಕೊಂಡಿದ್ದರು.

ಅವರ ಪ್ರಶ್ನೆ ಸರಳ. ಒಂದಿಷ್ಟು ಹುಡುಗರು, ಅಷ್ಟೇ ಹುಡುಗಿಯರು. ಪ್ರತಿಯೊಬ್ಬರಿಗೂ ಮೊದಲ ಆಯ್ಕೆ, ಎರಡನೆಯ ಆಯ್ಕೆ ಎಂದು ತಮ್ಮದೇ ಪಟ್ಟಿ ಇದೆ. ಮುರಿಯದ ಜೋಡಿಗಳನ್ನು ಮಾಡುವುದು ಹೇಗೆ? ಮುರಿಯದ ಎಂದರೆ, ತಮಗೆ ಸಿಕ್ಕ ಸಂಗಾತಿಗಿಂತ ಪರಸ್ಪರರನ್ನೇ ಹೆಚ್ಚು ಇಷ್ಟಪಡುವ ಇಬ್ಬರು ಎಲ್ಲೂ ಉಳಿದಿರಬಾರದು. ಅವರು ಕೊಟ್ಟ ವಿಧಾನ ಇದು: ಒಂದು ಕಡೆಯವರು ತಮ್ಮ ಪಟ್ಟಿಯ ಪ್ರಕಾರ ಕೇಳುತ್ತಾ ಹೋಗುತ್ತಾರೆ. ಇನ್ನೊಂದು ಕಡೆಯವರು ಬಂದವರಲ್ಲಿ ಉತ್ತಮರನ್ನು ಸದ್ಯಕ್ಕೆ ಇಟ್ಟುಕೊಂಡು ಉಳಿದವರಿಗೆ ಇಲ್ಲ ಎನ್ನುತ್ತಾರೆ. ಇನ್ನೂ ಒಳ್ಳೆಯವರು ಬಂದರೆ ಹಿಂದಿನವರನ್ನು ಬಿಡುತ್ತಾರೆ. ಕೊನೆಗೆ ಎಲ್ಲರಿಗೂ ಜೋಡಿ ಆಗುತ್ತದೆ, ಯಾವುದೂ ಮುರಿಯುವುದಿಲ್ಲ.

ಇದರಲ್ಲೊಂದು ಗುಟ್ಟಿದೆ. ರಾಮ, ಸೋಮ ಇಬ್ಬರು ಹುಡುಗರು, ಗಂಗೆ, ಗೌರಿ ಇಬ್ಬರು ಹುಡುಗಿಯರು ಎಂದಿಟ್ಟುಕೊಳ್ಳಿ. ರಾಮನಿಗೆ ಗಂಗೆ ಇಷ್ಟ, ಸೋಮನಿಗೆ ಗೌರಿ ಇಷ್ಟ. ಆದರೆ ಗಂಗೆಗೆ ಸೋಮ ಇಷ್ಟ, ಗೌರಿಗೆ ರಾಮ ಇಷ್ಟ. ಹುಡುಗರು ಕೇಳುವವರಾದರೆ ರಾಮ ಗಂಗೆಯನ್ನು ಕೇಳುತ್ತಾನೆ, ಸೋಮ ಗೌರಿಯನ್ನು. ಬೇರೆ ಯಾರೂ ಕೇಳದ್ದರಿಂದ ಇಬ್ಬರು ಹುಡುಗಿಯರೂ ಒಪ್ಪುತ್ತಾರೆ. ಹುಡುಗರಿಬ್ಬರಿಗೂ ಮೊದಲ ಆಯ್ಕೆ, ಹುಡುಗಿಯರಿಬ್ಬರಿಗೂ ಎರಡನೆಯ ಆಯ್ಕೆ. ಈಗ ಹುಡುಗಿಯರು ಕೇಳುವವರಾದರೆ? ಗಂಗೆಗೆ ಸೋಮ, ಗೌರಿಗೆ ರಾಮ. ಇದೂ ಮುರಿಯದ ಜೋಡಿಯೇ. ಆದರೆ ಈ ಸಲ ಹುಡುಗಿಯರಿಗೆ ಮೊದಲ ಆಯ್ಕೆ. ಅದೇ ನಾಲ್ಕು ಜನ, ಅದೇ ಮನಸ್ಸುಗಳು. ಬದಲಾದದ್ದು ಯಾರು ಕೇಳಿದರು, ಯಾರು ಕಾದರು ಎಂಬುದಷ್ಟೆ.

ಎಷ್ಟೇ ಜನರಿದ್ದರೂ ಇದು ನಿಜ ಎಂದು ಗಣಿತ ಸಾಧಿಸಿ ತೋರಿಸಿದೆ. ಕೇಳುವ ಕಡೆಯ ಪ್ರತಿಯೊಬ್ಬರಿಗೂ ಮುರಿಯದ ಜೋಡಿಗಳಲ್ಲಿ ಸಿಗಬಹುದಾದ ಅತ್ಯುತ್ತಮ ಸಂಗಾತಿ. ಕಾಯುವ ಕಡೆಯ ಪ್ರತಿಯೊಬ್ಬರಿಗೂ ಅಂಥ ಜೋಡಿಗಳಲ್ಲಿ ತಮ್ಮ ಪಟ್ಟಿಯ ಅತಿ ಕೆಳಗಿನವರು. ನಡುವೆ “ಇಲ್ಲ” ಎನ್ನುವ ಹಕ್ಕು ಅವರಿಗೆ ಇದ್ದರೂ ಸಹ.

ಇದು ಬರೀ ಕಾಗದದ ಲೆಕ್ಕವಲ್ಲ. ಅಮೆರಿಕದಲ್ಲಿ ವೈದ್ಯ ಪದವಿ ಮುಗಿಸಿದವರಿಗೆ ಆಸ್ಪತ್ರೆ ಹಂಚುವ ವ್ಯವಸ್ಥೆಯ ಹೆಸರೇ ‘ದಿ ಮ್ಯಾಚ್’. 1952ರಿಂದ ನಡೆಯುತ್ತಿದೆ. ಮಾರ್ಚ್ ಬಂದರೆ ಅಲ್ಲಿ ಡಾಕ್ಟರಾಗಹೊರಟ ಮಕ್ಕಳಿರುವ ನಮ್ಮ ಕನ್ನಡದ ಮನೆಗಳಲ್ಲೂ “ಮ್ಯಾಚ್ ಆಯ್ತಾ?” ಎಂಬ ಪ್ರಶ್ನೆ ಕೇಳುತ್ತದೆ. ಮೊದಲು ಆ ಲೆಕ್ಕದಲ್ಲಿ ಆಸ್ಪತ್ರೆಗಳು ಕೇಳುವ ಕಡೆ ಇದ್ದವು. ಇದು ಅಭ್ಯರ್ಥಿಗಳಿಗೆ ನ್ಯಾಯವೇ ಎಂಬ ಪ್ರಶ್ನೆ ಎದ್ದು, 1998ರಿಂದ ಅಭ್ಯರ್ಥಿಗಳೇ ಕೇಳುವ ಕಡೆಯಾದರು. ಅದರಿಂದ ಫಲಿತಾಂಶ ಬದಲಾಗುವುದು ಬಹಳ ಕಡಿಮೆ ಮಂದಿಗೆ ಎಂದು ರಾತ್ ಅವರೇ ಲೆಕ್ಕ ಹಾಕಿದ್ದರು. ಆದರೂ ಬದಲಿಸಿದರು. ಕಡಿಮೆ ಮಂದಿಗಾದರೂ ಅನ್ಯಾಯ ಅನ್ಯಾಯವೇ ತಾನೆ?

ಈಗ ನಮ್ಮ ಮನೆಗಳನ್ನು ನೋಡಿಕೊಳ್ಳಿ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಬರುವವರು ಯಾರು, ಉಪ್ಪಿಟ್ಟು-ಕೇಸರಿಬಾತ್ ಮಾಡಿಕೊಂಡು ಕಾಯುವವರು ಯಾರು? “ಅವರ ಕಡೆಯಿಂದ ಏನೂ ತಿಳಿಸಲಿಲ್ಲವಲ್ಲ” ಎಂದು ಫೋನು ನೋಡುವವರು ಯಾರು? ಮ್ಯಾಟ್ರಿಮನಿ ಸೈಟಿನಲ್ಲಿ ಮಗಳ ಪ್ರೊಫೈಲ್ ಹಾಕಿ “ನಾವಾಗಿ ಇಂಟರೆಸ್ಟ್ ಕಳಿಸಿದರೆ ಚೆನ್ನಾಗಿರಲ್ಲ” ಎನ್ನುವ ತಂದೆತಾಯಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಆಫೀಸಿನಲ್ಲೂ ಅಷ್ಟೇ. ಬಡ್ತಿ, ಸಂಬಳ, ಒಳ್ಳೆಯ ಪ್ರಾಜೆಕ್ಟು, ಎಲ್ಲದಕ್ಕೂ “ಕೆಲಸ ನೋಡಿ ಅವರೇ ಕೊಡುತ್ತಾರೆ” ಎಂದು ಕಾಯುವವರಲ್ಲಿ ನಮ್ಮ ಹೆಣ್ಣುಮಕ್ಕಳೇ ಹೆಚ್ಚು ಎಂಬುದು ನಾನು ಕಂಡದ್ದು. ಬಾಯಿಬಿಟ್ಟು ಕೇಳುವುದು ಒರಟುತನ ಎಂದು ನಮಗೆ ಕಲಿಸಿದ್ದಾರೆ. ಕಾದವರಿಗೆ ಸಿಗುವುದು ಉಳಿದದ್ದು ಎಂದು ಯಾರೂ ಕಲಿಸಿಲ್ಲ.

ಕೊನೆಯದಾಗಿ ಮ್ಯಾಚಿಂಗ್ ಸೆಂಟರಿಗೆ ಹೋಗೋಣ, ಅದಿಲ್ಲದೆ ನಮ್ಮ ಸಭೆ ಮುಗಿಯಬಾರದು. ನೀವು ಪುಣೆಯಲ್ಲಿರಿ, ಹೈದರಾಬಾದಿನಲ್ಲಿರಿ, ಆ ಬೋರ್ಡು ಕಾಣದ ಬೀದಿಯಿಲ್ಲ. ಅಲ್ಲಿ ನಾವು ಸೀರೆ ಒಯ್ದು ಕೌಂಟರಿನ ಮೇಲೆ ಹರಡುತ್ತೇವೆ. ಅಂಗಡಿಯವರು ಥಾನಿನ ಮೇಲೆ ಥಾನು ತೆಗೆದು ಪಕ್ಕದಲ್ಲಿಟ್ಟು ತೋರಿಸುತ್ತಾರೆ. ಬೆಳಕಿಗೆ ಹಿಡಿದು “ಒಂದು ಶೇಡ್ ಕಮ್ಮಿ” ಎಂದು ತಳ್ಳುತ್ತೇವೆ. ಸೀರೆ ಮಾತ್ರ ಇದ್ದಲ್ಲೇ ಇರುತ್ತದೆ. ಬ್ಲೌಸ್ ಪೀಸೇ ಅದಕ್ಕೆ ಹೊಂದಬೇಕು. ಬಟ್ಟೆಯ ವಿಷಯದಲ್ಲಿ ಅದು ಸರಿ. ಮನುಷ್ಯರ ವಿಷಯದಲ್ಲಿ “ಹೊಂದಿಕೊಂಡು ಹೋಗಮ್ಮ” ಎಂಬ ಮಾತು ಯಾರಿಗೆ ಹೇಳುತ್ತೇವೆ ಎಂದು ಯೋಚಿಸಿ. “ಹೊಂದಿಕೊಂಡು ಹೋಗಪ್ಪ” ಎಂದು ಮದುವೆಯ ದಿನ ಹುಡುಗನಿಗೆ ಹೇಳಿದವರನ್ನು ನಾನು ಕಂಡಿಲ್ಲ. ಹೊಂದುವುದು ಇಬ್ಬರ ಕೆಲಸ. ಅದರ ಹೊರೆ ಒಬ್ಬರ ಮೇಲೇ ಬಿದ್ದಾಗ ಅದು ಮ್ಯಾಚಾಗಿ ಉಳಿಯುವುದಿಲ್ಲ.

ಹಾಗಾಗಿ ಮನೆಗೆ ಹೋದ ಮೇಲೆ ಎರಡು ಸಣ್ಣ ಕೆಲಸ ಮಾಡಿ ಎಂದು ಕೇಳಿಕೊಳ್ಳುತ್ತೇನೆ. ಮಗ ಅಥವಾ ಮಗಳ ಪ್ರೊಫೈಲು ಹಾಕಿದವರು ಅದರಲ್ಲಿ ಓದು, ಸಂಬಳ, ವಯಸ್ಸಿಗೆ ನೀವು ಇಟ್ಟ ಮಿತಿಗಳನ್ನು ಒಮ್ಮೆ ತೆರೆದು ನೋಡಿ. ಅದನ್ನು ಕಂಪ್ಯೂಟರು ಇಟ್ಟದ್ದಲ್ಲ, ನಾವೇ ಇಟ್ಟದ್ದು. ಮಗಳ ಪ್ರೊಫೈಲಾದರೆ ನೀವಾಗಿ ಒಂದು ಇಂಟರೆಸ್ಟ್ ಕಳಿಸಿ. ಕೆಲಸಕ್ಕೆ ಹೋಗುವವರು ಮುಂದಿನ ಅಪ್ರೈಸಲ್ಲಿನಲ್ಲಿ ನಿಮಗೆ ಬೇಕಾದದ್ದನ್ನು ಬಾಯಿಬಿಟ್ಟು, ಅಂಕಿ ಹೇಳಿ ಕೇಳಿ. “ಇಲ್ಲ” ಎಂದರೆ ಎನ್ನಲಿ, ಪಟ್ಟಿಯಲ್ಲಿ ಮುಂದಿನವರನ್ನು ಕೇಳಿದರಾಯಿತು.

ಬೋ ಕಾರ್ಖಾನೆಯ ಆ 1,400 ಮಂದಿಗೆ ಈ ಗಣಿತ ಗೊತ್ತಿರಲಿಲ್ಲ. ಅವರಾಗಿ ಹೊರಗೆ ಬಂದು ಕೇಳಿದರು, ಊಟಕ್ಕೊಂದು ಕೋಣೆ ಸಿಕ್ಕಿತು.